ಬಂಗಾಳ ಕೊಲ್ಲಿಯ ಆ ಸೋಮವಾರ

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಕೊನೆಗೆ ತಳ್ಳದೆ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎರಡನೇ ಮಹಾಯುದ್ಧದಲ್ಲಿ ವ್ಯಾಪಾರಿ ಹಡಗುಗಳು ಮುಳುಗಿದ ಕಥೆ ಅಂದ್ರೆ ಎಲ್ಲರಿಗೂ ಅಟ್ಲಾಂಟಿಕ್ ಸಾಗರವೇ ನೆನಪಿಗೆ ಬರುತ್ತದೆ. ಜರ್ಮನಿಯ ಸಬ್‌ಮರೀನುಗಳು, ಕೊರೆಯುವ ಚಳಿ, ಕತ್ತಲೆ ರಾತ್ರಿ. ನಾನು ಇವತ್ತು ಹೇಳಲು ಹೊರಟಿರುವುದು ಹಗಲು ಹೊತ್ತಿನಲ್ಲಿ, ಏಪ್ರಿಲ್ ಬಿಸಿಲಲ್ಲಿ, ನಮ್ಮದೇ ಪೂರ್ವ ಕರಾವಳಿಯ ಎದುರು ನಡೆದ ಕಥೆ. ದಿನಾಂಕ 1942ರ ಏಪ್ರಿಲ್ 6, ಸೋಮವಾರ. ಹಿಂದಿನ ದಿನ ಈಸ್ಟರ್ ಭಾನುವಾರ. ಆ ಭಾನುವಾರ ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದ್ದು ಪುಸ್ತಕಗಳಲ್ಲಿ ಇದೆ. ಅದಾದ ಮೇಲೆ 9ರಂದು ಸಿಂಹಳದ ಬಟ್ಟಿಕಲೋವಾ ಹತ್ತಿರ ‘ಹರ್ಮೀಸ್’ ಎಂಬ ವಿಮಾನವಾಹಕ ನೌಕೆ ಮುಳುಗಿದ್ದೂ ಇದೆ. ನಡುವಿನ ಸೋಮವಾರಕ್ಕೆ ಮಾತ್ರ ಎಷ್ಟೋ ಕಡೆ ಒಂದೆರಡು ಸಾಲು ಅಷ್ಟೇ. ಆ ಒಂದೇ ದಿನ ಇಪ್ಪತ್ತರ ಆಸುಪಾಸು ವ್ಯಾಪಾರಿ ಹಡಗುಗಳು ತಳ ಸೇರಿದವು.

ಯಾಕೆ ಒಂದೆರಡು ಸಾಲು? ಮುಳುಗಿದ್ದು ಯುದ್ಧನೌಕೆಗಳಲ್ಲ, ಅದಕ್ಕೆ. ಸಾಮಾನು ಹೊರುವ ಹಡಗಿಗೆ ಇತಿಹಾಸದಲ್ಲಿ ಸಿಗುವುದು ಟನ್ನಿನ ಲೆಕ್ಕ ಮಾತ್ರ. ಆ ಲೆಕ್ಕ ಎಷ್ಟು ಕಮ್ಮಿ ಹೇಳುತ್ತದೆ ಅನ್ನೋದೇ ಇವತ್ತಿನ ನನ್ನ ತಕರಾರು.

ಮೊದಲು ಆಗಿನ ಪರಿಸ್ಥಿತಿ ನೋಡೋಣ. ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು. ಮಾರ್ಚ್ 8ಕ್ಕೆ ಬರ್ಮಾದ ರಂಗೂನ್ ಜಪಾನಿನ ಕೈಸೇರಿತು. ಮಾರ್ಚ್ 23ಕ್ಕೆ ಪೋರ್ಟ್ ಬ್ಲೇರ್ ಕೂಡ. ಅಂಡಮಾನ್ ಹೋದ ಮೇಲೆ ಬಂಗಾಳ ಕೊಲ್ಲಿಯ ಬಾಗಿಲು ತೆರೆದಂತೆಯೇ. ಆಗ ದಿಲ್ಲಿಯಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ್ದ ಸ್ಟಾಫರ್ಡ್ ಕ್ರಿಪ್ಸ್ ಕೂತು ಕಾಂಗ್ರೆಸ್ ನಾಯಕರ ಜೊತೆ ಸಂಧಾನ ನಡೆಸುತ್ತಿದ್ದರು. ದೇಶದ ಗಮನವೆಲ್ಲ ಅಲ್ಲಿತ್ತು. ಇತ್ತ ಕಲ್ಕತ್ತ ಬಂದರಿನಲ್ಲಿ ಹಡಗುಗಳು ಒತ್ತೊತ್ತಾಗಿ ನಿಂತಿದ್ದವು. ರಂಗೂನ್, ಸಿಂಗಾಪುರದ ಕಡೆ ಹೋಗಬೇಕಾದವು, ಅಲ್ಲಿಂದ ತಪ್ಪಿಸಿಕೊಂಡು ಬಂದವು, ಮಾಮೂಲಿ ಕರಾವಳಿ ವ್ಯಾಪಾರದವು, ಎಲ್ಲ ಹೂಗ್ಲಿ ನದಿಯೊಳಗೆ. ವಿಮಾನ ದಾಳಿ ಆದರೆ ತಡೆಯುವುದಕ್ಕೆ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅಧಿಕಾರಿಗಳು ಒಂದು ತೀರ್ಮಾನಕ್ಕೆ ಬಂದರು. ಬಂದರು ಖಾಲಿ ಮಾಡಿ. ಬೆಂಗಾವಲಿಗೆ ಯುದ್ಧನೌಕೆ ಇಲ್ಲ, ಆದ್ದರಿಂದ ಒಂದೊಂದಾಗಿ, ಸಣ್ಣ ಸಣ್ಣ ಗುಂಪಾಗಿ ಹೊರಡಿ. ದಂಡೆ ಹಿಡಿದುಕೊಂಡೇ ದಕ್ಷಿಣಕ್ಕೆ ಹೋಗಿ.

ಬ್ರಿಟಿಷರ ನೌಕಾಪಡೆ ಎಲ್ಲಿತ್ತು ಅಂತ ನೀವು ಕೇಳಬಹುದು. ಅಡ್ಮಿರಲ್ ಜೇಮ್ಸ್ ಸೋಮರ್ವಿಲ್ ಕೈಯಲ್ಲಿ ಈಸ್ಟರ್ನ್ ಫ್ಲೀಟ್ ಇತ್ತು, ನಿಜ. ಅದರ ಗುಟ್ಟಿನ ನೆಲೆ ಮಾಲ್ಡೀವ್ಸ್ ದಕ್ಷಿಣದ ಅಡ್ಡು ದ್ವೀಪಗಳಲ್ಲಿ. ಅದರಲ್ಲಿದ್ದ ಯುದ್ಧನೌಕೆಗಳಲ್ಲಿ ಹೆಚ್ಚಿನವು ಮೊದಲನೇ ಮಹಾಯುದ್ಧದ ಕಾಲದ ಮುದುಕರು. ಎದುರಿಗೆ ಬಂದಿದ್ದ ಜಪಾನಿನ ಅಡ್ಮಿರಲ್ ನಗುಮೋ ಬಳಿ ಐದು ವಿಮಾನವಾಹಕ ನೌಕೆಗಳಿದ್ದವು, ಪರ್ಲ್ ಹಾರ್ಬರ್ ಮುಗಿಸಿ ಬಂದವು. ಏಪ್ರಿಲ್ 4ರಂದು ಕೆನಡಾದ ಲಿಯೊನಾರ್ಡ್ ಬರ್ಚಲ್ ಹಾರಿಸುತ್ತಿದ್ದ ಕ್ಯಾಟಲಿನಾ ವಿಮಾನ ಆ ಪಡೆಯನ್ನು ಕಂಡು ಸುದ್ದಿ ಕಳಿಸಿತು, ತಾನೂ ಉರುಳಿಬಿತ್ತು. ಎಲ್ಲರ ಕಣ್ಣೂ ಸಿಂಹಳದ ಕಡೆ ತಿರುಗಿತು. ಭಾನುವಾರ ಮಧ್ಯಾಹ್ನ ‘ಡಾರ್ಸೆಟ್‌ಶೈರ್’, ‘ಕಾರ್ನ್‌ವಾಲ್’ ಎಂಬ ಎರಡು ಬ್ರಿಟಿಷ್ ಕ್ರೂಸರುಗಳು, ಅಂದರೆ ವೇಗದ ಯುದ್ಧನೌಕೆಗಳು, ಸ್ವಲ್ಪ ಹೊತ್ತಿನಲ್ಲೇ ಮುಳುಗಿ 424 ಜನ ಸತ್ತರು. ಸೋಮರ್ವಿಲ್ ತನ್ನ ಹಳೇ ಹಡಗುಗಳನ್ನು ಆಫ್ರಿಕಾದ ಮೊಂಬಾಸಾ ಕಡೆಗೆ ಕಳಿಸಿದ್ದು ಈ ಪೆಟ್ಟಿನ ನಂತರ. ಅವರನ್ನು ಹೇಡಿ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಆ ಐದು ವಾಹಕ ನೌಕೆಗಳ ಎದುರು ಹೋಗಿ ನಿಂತಿದ್ದರೆ ಇನ್ನೊಂದಷ್ಟು ಸಾವಿರ ಜನ ಸಾಯುತ್ತಿದ್ದರು, ಅಷ್ಟೇ.

ಆದರೆ ನೌಕಾಪಡೆ ಹೀಗೆ ದೂರದಲ್ಲೇ ಇದ್ದುದರಿಂದ ಬಂಗಾಳ ಕೊಲ್ಲಿ ಬಟಾಬಯಲಾಗಿತ್ತು.

ಆ ಬಯಲಿಗೆ ಬಂದದ್ದು ಬೇರೆಯೇ ಒಂದು ಪಡೆ. ವೈಸ್ ಅಡ್ಮಿರಲ್ ಜಿಸಾಬುರೋ ಓಝಾವಾ ಅದರ ಮುಖ್ಯಸ್ಥ. ಬರ್ಮಾದ ದಕ್ಷಿಣ ತುದಿಯ ಮರ್ಗುಯಿ ಬಂದರಿನಿಂದ ಏಪ್ರಿಲ್ 1ಕ್ಕೆ ಹೊರಟಿದ್ದು. ಒಂದು ಸಣ್ಣ ವಿಮಾನವಾಹಕ ‘ರ್ಯುಜೋ’, ಐದು ಭಾರಿ ಕ್ರೂಸರುಗಳು, ಒಂದು ಲಘು ಕ್ರೂಸರು, ಜೊತೆಗೆ ಡಿಸ್ಟ್ರಾಯರು ಎಂಬ ಚಿಕ್ಕ ಯುದ್ಧನೌಕೆಗಳು. ಇವರ ಗುರಿ ಯುದ್ಧನೌಕೆಗಳಲ್ಲ. ಕಲ್ಕತ್ತದಿಂದ ದಕ್ಷಿಣಕ್ಕೆ ಹೋಗುವ ಸರಕಿನ ದಾರಿ. 5ರಂದೇ ಕೆಲವು ಹಡಗುಗಳಿಗೆ ವಿಮಾನದ ಬಾಂಬು ಬಿತ್ತು. 6ರ ಬೆಳಗ್ಗೆ ಓಝಾವಾ ಪಡೆ ಮೂರು ಪಾಲಾಯಿತು. ‘ಕುಮಾನೋ’, ‘ಸುಝುಯಾ’ ಉತ್ತರಕ್ಕೆ, ಒಡಿಶಾ ದಂಡೆಯ ಎದುರಿಗೆ. ‘ಚೋಕಾಯ್’ ಮತ್ತು ‘ರ್ಯುಜೋ’ ನಡುವೆ. ‘ಮಿಕುಮಾ’, ‘ಮೊಗಾಮಿ’ ದಕ್ಷಿಣಕ್ಕೆ.

ಈಗ ಆ ಸರಕು ಹಡಗುಗಳ ಸ್ಥಿತಿ ಯೋಚಿಸಿ. ದಂಡೆ ಹಿಡಿದು ಹೋಗಿ ಅಂದಿದ್ದರಲ್ಲ, ಅದರಿಂದ ಅಷ್ಟು ದೊಡ್ಡ ಸಮುದ್ರ ಒಂದು ಓಣಿಯಾಗಿಬಿಟ್ಟಿತು. ಒಂದು ಕಡೆ ನೆಲ, ಇನ್ನೊಂದು ಕಡೆಯಿಂದ ಬಂದವನು ಓಣಿಯ ಮೂರು ಕಡೆ ನಿಂತರೆ ಸಾಕು. ಹುಡುಕುವ ಕೆಲಸವೇ ಇಲ್ಲ.

ಬಲಾಬಲ ಹೇಳುವುದೂ ಬೇಡ. ಆ ಕ್ರೂಸರುಗಳಲ್ಲಿ ಒಂದೊಂದರ ಮೇಲೂ 203 ಮಿಲಿಮೀಟರಿನ ಹತ್ತು ತೋಪುಗಳು. ಒಂದು ಗುಂಡಿನ ತೂಕವೇ ಸುಮಾರು 125 ಕಿಲೋ, ಇಬ್ಬರು ದೊಡ್ಡವರ ತೂಕ. ವೇಗ 30 ನಾಟಿಗೂ ಜಾಸ್ತಿ, ಅಂದರೆ ಗಂಟೆಗೆ 55 ಕಿಲೋಮೀಟರಿಗೂ ಮೇಲೆ. ಸರಕು ಹಡಗು ಹತ್ತು ಹನ್ನೆರಡು ನಾಟಿನಲ್ಲಿ ತೇಕುತ್ತಾ ಹೋಗುವಂಥದ್ದು. ಹಿಂಭಾಗದಲ್ಲಿ ಒಂದು ಹಳೇ ತೋಪು ಇದ್ದರೆ ಪುಣ್ಯ.

ಉತ್ತರದ ಗುಂಪಿಗೆ ಸಿಕ್ಕಿದ್ದು ಐದು ಹಡಗುಗಳು: ‘ಮಾಲ್ಡಾ’, ‘ಆಟೊಲೈಕಸ್’, ‘ಸಿಲ್ಕ್ಸ್‌ವರ್ತ್’, ‘ಶಿನ್‌ಕುವಾಂಗ್’, ಅಮೆರಿಕದ ‘ಎಕ್ಸ್‌ಮೂರ್’. ಐದೂ ಹೋದವು. ನಡುವಿನ ಗುಂಪು ಮತ್ತು ‘ರ್ಯುಜೋ’ ವಿಮಾನಗಳ ಪಾಲಿಗೆ ಇನ್ನಷ್ಟು. ಬ್ರಿಟನ್ನು, ಅಮೆರಿಕ, ಹಾಲೆಂಡು, ನಾರ್ವೆ ಬಾವುಟದ ಹಡಗುಗಳೆಲ್ಲ ಅದರಲ್ಲಿದ್ದವು. ಅಲ್ಲಿ ‘ಗಂಗೀಸ್’ ಅಂತಲೇ ಹೆಸರಿಟ್ಟುಕೊಂಡ ಒಂದು ಹಡಗೂ ಮುಳುಗಿತು.

ದಕ್ಷಿಣದ ಗುಂಪಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ‘ಡಾರ್ಡೇನಸ್’ ಎಂಬ ಹಡಗಿಗೆ ಹಿಂದಿನ ದಿನವೇ ವಿಮಾನ ದಾಳಿಯಲ್ಲಿ ಪೆಟ್ಟು ಬಿದ್ದಿತ್ತು. ಮುಳುಗಿರಲಿಲ್ಲ, ಆದರೆ ತಾನಾಗಿ ಚಲಿಸುವ ಸ್ಥಿತಿಯಲ್ಲಿ ಇರಲಿಲ್ಲ. ಹತ್ತಿರದಲ್ಲಿದ್ದ ‘ಗಂಡಾರಾ’ ಎಂಬ ಇನ್ನೊಂದು ಸರಕು ಹಡಗು ಅದಕ್ಕೆ ಹಗ್ಗ ಕಟ್ಟಿ ಮದ್ರಾಸಿನ ಕಡೆ ಎಳೆಯತೊಡಗಿತು. ಸಮುದ್ರದ ಮೇಲೆ ಹಡಗು ಎಳೆಯುವುದು ಕೆಟ್ಟುನಿಂತ ಲಾರಿಯನ್ನು ಎಳೆದಂತಲ್ಲ. ಉಕ್ಕಿನ ಹಗ್ಗವನ್ನು ಎದುರು ಹಡಗಿನ ಲಂಗರಿನ ಸರಪಳಿಗೆ ಸೇರಿಸಬೇಕು. ಸರಪಳಿಯ ಭಾರಕ್ಕೆ ಅದು ನೀರಲ್ಲಿ ಜೋಲುತ್ತಿರಬೇಕು. ಬಿಗಿಯಾದರೆ ತುಂಡಾಗುತ್ತದೆ, ತುಂಡಾದ ಉಕ್ಕಿನ ಹಗ್ಗ ಮನುಷ್ಯನನ್ನು ಎರಡು ಮಾಡುತ್ತದೆ. ಹಾಗಾಗಿ ನಡೆಯುವವರ ವೇಗದಲ್ಲೇ ಹೋಗಬೇಕು. ಸುತ್ತ ಶತ್ರು ಇದ್ದಾನೆ ಅಂತ ಗೊತ್ತಿದ್ದೂ ‘ಗಂಡಾರಾ’ದವರು ಇಷ್ಟೆಲ್ಲ ಮಾಡಿದರು. ಬಿಟ್ಟು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. 6ರ ಬೆಳಗ್ಗೆ ‘ಮಿಕುಮಾ’, ‘ಮೊಗಾಮಿ’ ಬಂದವು. ಎಳೆಯುತ್ತಿದ್ದದ್ದೂ ಹೋಯಿತು, ಎಳೆಸಿಕೊಳ್ಳುತ್ತಿದ್ದದ್ದೂ ಹೋಯಿತು. ‘ಇಂಡೋರಾ’ ಎಂಬ ಮತ್ತೊಂದು ಕೂಡ.

ಅದೇ ದಿನ ‘ರ್ಯುಜೋ’ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡ ಮೇಲೂ ಬಾಂಬು ಹಾಕಿದವು. ಭಾರತದ ಮುಖ್ಯಭೂಮಿಯ ಮೇಲೆ ಆ ಯುದ್ಧದಲ್ಲಿ ಬಿದ್ದ ಮೊದಲ ಬಾಂಬುಗಳು ಅವು. ಹಾನಿ ದೊಡ್ಡದೇನೂ ಅಲ್ಲ. ಸಿಡಿಯದೆ ಉಳಿದ ಒಂದು ಬಾಂಬು ಈಗ ವಿಶಾಖಪಟ್ಟಣದ ಮ್ಯೂಸಿಯಮ್ಮಿನಲ್ಲಿದೆ. ಬೀಚ್ ನೋಡಲು ಹೋದವರು ಅದನ್ನೂ ನೋಡಿಬರಬಹುದು, ಹತ್ತಿರವೇ.

ಬದುಕಿದವರು ದೋಣಿಗಳಲ್ಲಿ ದಂಡೆ ಸೇರಿದರು. ದಂಡೆ ಹಿಡಿದು ಹೋಗಿ ಎಂಬ ಆಜ್ಞೆ ಹಡಗುಗಳನ್ನು ಕೊಂದಿತು ಅಂದೆನಲ್ಲ, ಜನರನ್ನು ಉಳಿಸಿದ್ದೂ ಅದೇ ಆಜ್ಞೆ. ಅಟ್ಲಾಂಟಿಕ್ಕಿನಲ್ಲಿ ಲೈಫ್‌ಬೋಟಿಗೆ ಇಳಿದವರು ವಾರಗಟ್ಟಲೆ ತೇಲುತ್ತಿದ್ದರು. ಇಲ್ಲಿ ನೆಲ ಹತ್ತಿರವಿತ್ತು, ಮುಂಗಾರು ಇನ್ನೂ ಎದ್ದಿರಲಿಲ್ಲ. ಜುಲೈ ಆಗಿದ್ದರೆ ಆ ದೋಣಿಗಳ ಗತಿ ಬೇರೆ.

ಈಗ ಲೆಕ್ಕಕ್ಕೆ ಬರೋಣ. ಓಝಾವಾ ಪಡೆ ಆ ಕೆಲವೇ ದಿನಗಳಲ್ಲಿ ಮುಳುಗಿಸಿದ್ದು ಒಟ್ಟು 23 ಹಡಗು, 1,12,312 ಟನ್. ಅದೇ ಹೊತ್ತಿಗೆ ನಮ್ಮ ಪಶ್ಚಿಮದ ಕಡೆ ಜಪಾನಿ ಸಬ್‌ಮರೀನುಗಳು ಇನ್ನೂ ಐದು ಹಡಗು, 32,404 ಟನ್ ಮುಳುಗಿಸಿದವು. ಹೋಲಿಕೆಗೆ ಹೇಳುತ್ತೇನೆ: ಮೊದಲನೇ ಯುದ್ಧದಲ್ಲಿ ಮದ್ರಾಸಿಗೆ ಗುಂಡು ಹಾರಿಸಿದ ‘ಎಂಡೆನ್’ ಎಂಬ ಜರ್ಮನ್ ಹಡಗಿನ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಅದು ತಿಂಗಳುಗಟ್ಟಲೆ ಓಡಾಡಿ ಮುಳುಗಿಸಿದ್ದು, ಹಿಡಿದದ್ದು ಎಲ್ಲ ಸೇರಿ 70,000 ಟನ್ ಚಿಲ್ಲರೆ. ಓಝಾವಾ ಹೆಸರು ಯಾರಿಗಾದರೂ ಗೊತ್ತಿದೆಯಾ? ನೋಡಿ, ಸಭೆಯಲ್ಲಿ ಒಂದು ಕೈಯೂ ಎದ್ದಿಲ್ಲ.

ಈ ‘ಟನ್’ ಅಂದ್ರೆ ತೂಕ ಅಂತ ನಾವೆಲ್ಲ ತಿಳಿದುಕೊಳ್ಳುತ್ತೇವೆ. ಅಲ್ಲ. ಹಡಗಿನ ಒಳಗಿನ ಮುಚ್ಚಿದ ಜಾಗವನ್ನು ಅಳೆದು, ನೂರು ಘನ ಅಡಿಗೆ ಒಂದು ಟನ್ ಎಂದು ಹಿಡಿಯುತ್ತಾರೆ. ಅಂದರೆ 1,12,312 ಎಂಬುದು ಸಮುದ್ರ ನುಂಗಿದ ಖಾಲಿ ಜಾಗದ ಅಳತೆ. ಆ ಜಾಗದಲ್ಲಿ ಸೆಣಬಿತ್ತಾ, ಚಹಾ ಇತ್ತಾ, ಮನುಷ್ಯರಿದ್ದರಾ, ಅದು ಹೇಳುವುದಿಲ್ಲ.

ಮನುಷ್ಯರಿದ್ದರು. ಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ಕೆಲಸಗಾರರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಭಾರತದವನು. ಖಲಾಸಿಗಳು. ಕೆಳಗೆ ಎಂಜಿನ್ ಕೋಣೆಯಲ್ಲಿ ಬೆಂಕಿಗೆ ಕಲ್ಲಿದ್ದಲು ಎತ್ತಿ ಹಾಕುವವರಲ್ಲಿ ಸಿಲ್ಹೆಟ್ ಕಡೆಯವರು ಜಾಸ್ತಿ. ಡೆಕ್ಕಿನ ಕೆಲಸಕ್ಕೆ ಚಿತ್ತಗಾಂಗ್, ನೋವಾಖಾಲಿಯವರು, ಕೊಂಕಣದವರು, ಗುಜರಾತಿನವರು. ಅಡುಗೆ, ಬಡಿಸುವ ಕೆಲಸಕ್ಕೆ ಗೋವಾದವರು. ಗುಂಪಿಗೆ ಒಬ್ಬ ಸಾರಂಗ, ಅಂದರೆ ಮೇಸ್ತ್ರಿ. ಅವನ ಊರಿನವರನ್ನೇ ಕರೆತರುತ್ತಿದ್ದ. ಹಾಗಾಗಿ ಒಂದು ಹಡಗಿನ ಎಂಜಿನ್ ಕೋಣೆಗೆ ಗುಂಡು ಬಿದ್ದರೆ ಒಂದೇ ಹಳ್ಳಿಯ, ಕೆಲವೊಮ್ಮೆ ಒಂದೇ ಮನೆಯ ಜನ ಒಟ್ಟಿಗೆ ಹೋಗುತ್ತಿದ್ದರು. ಸಂಬಳ ಬಿಳಿ ನಾವಿಕನ ಸಂಬಳದ ಕಾಲು ಭಾಗದ ಆಸುಪಾಸು. ಮಲಗುವ ಜಾಗ ಎಷ್ಟು ಘನ ಅಡಿ ಇರಬೇಕು ಅನ್ನುವುದಕ್ಕೂ ಬಿಳಿಯರಿಗೆ ಒಂದು ಅಳತೆ, ಖಲಾಸಿಗೆ ಅದಕ್ಕಿಂತ ಚಿಕ್ಕ ಅಳತೆ ಕಾನೂನಿನಲ್ಲೇ ಬರೆದಿತ್ತು. ಇಡೀ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು. ಅವರ ಹೆಸರುಗಳ ಪಟ್ಟಿ ಮುಂಬೈಯಲ್ಲೂ ಚಿತ್ತಗಾಂಗಿನಲ್ಲೂ ಇದೆ. ಲಂಡನ್ನಿನ ಟವರ್ ಹಿಲ್ ಸ್ಮಾರಕದ ಮುಂದೆ ಫೋಟೋ ತೆಗೆಸಿಕೊಂಡು ಬರುವ ನಮ್ಮವರು ಮುಂಬೈ ಪಟ್ಟಿಯ ಬಗ್ಗೆ ಕೇಳಿಯೇ ಇರುವುದಿಲ್ಲ.

ಇಲ್ಲಿಗೆ ಬಂದಾಗ ನಿವೃತ್ತ ಮೇಷ್ಟ್ರೊಬ್ಬರು ಎದ್ದು ಕೇಳಿದರು: “ಎಲ್ಲ ಹಡಗುಗಳನ್ನೂ ಒಟ್ಟಿಗೆ ಕಳಿಸಬಹುದಿತ್ತಲ್ಲ ಸ್ವಾಮಿ? ಒಗ್ಗಟ್ಟಿನಲ್ಲಿ ಬಲ ಇಲ್ವೇ?”

ಒಳ್ಳೇ ಪ್ರಶ್ನೆ. ಸಬ್‌ಮರೀನಿನ ಎದುರು ಒಗ್ಗಟ್ಟಿನಲ್ಲಿ ಬಲವಿದೆ. ಹಡಗುಗಳ ಹಿಂಡನ್ನು ಹುಡುಕುವುದು ಸಬ್‌ಮರೀನಿಗೆ ಕಷ್ಟ, ಬೆಂಗಾವಲಿನವರು ಅದನ್ನು ಓಡಿಸಬಹುದು. ಕ್ರೂಸರು ಬಂದರೆ ಲೆಕ್ಕ ತಿರುಗುತ್ತದೆ. ಹಿಂಡಾಗಿದ್ದರೆ ಅದಕ್ಕೇ ಅನುಕೂಲ. 1940ರ ನವೆಂಬರ್ 5ರಂದು ಅಟ್ಲಾಂಟಿಕ್ಕಿನಲ್ಲಿ ‘ಜರ್ವಿಸ್ ಬೇ’ ಎಂಬ ಒಂದೇ ಒಂದು ಬೆಂಗಾವಲು ಹಡಗು ‘ಅಡ್ಮಿರಲ್ ಶೇರ್’ ಎಂಬ ಜರ್ಮನ್ ಯುದ್ಧನೌಕೆಗೆ ಎದೆಯೊಡ್ಡಿ ಮುಳುಗಿತು. ಅಷ್ಟರಲ್ಲಿ ಸರಕು ಹಡಗುಗಳು ಚದುರಿದವು. ಕತ್ತಲಾಯಿತು. ಹೆಚ್ಚಿನವು ಬದುಕಿದವು. ಆದರೆ 1942ರ ಜುಲೈನಲ್ಲಿ ರಷ್ಯಾಕ್ಕೆ ಹೋಗುತ್ತಿದ್ದ ಪಿಕ್ಯೂ-17 ಎಂಬ ಹಿಂಡಿಗೆ ಲಂಡನ್ನಿನಿಂದ ಚದುರಿ ಎಂಬ ಆಜ್ಞೆ ಬಂತು. ಬರುತ್ತದೆ ಅಂದುಕೊಂಡ ಜರ್ಮನ್ ಯುದ್ಧನೌಕೆ ಬರಲೇ ಇಲ್ಲ. ವಿಮಾನ, ಸಬ್‌ಮರೀನುಗಳು ಬಂದು ಒಂದೊಂದನ್ನೇ ಆರಿಸಿಕೊಂಡವು. ಒಟ್ಟು 24 ಹಡಗು ಹೋದವು. ಅಂದರೆ ಚದುರುವುದು ಸರಿಯೋ ತಪ್ಪೋ ಅನ್ನುವುದು ಎದುರು ಬರುವವನು ಯಾರು ಅನ್ನುವುದರ ಮೇಲೆ ನಿಂತಿದೆ.

ಕಲ್ಕತ್ತದಲ್ಲಿ ಬಿಡಿಬಿಡಿಯಾಗಿ ಕಳಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಎಲ್ಲರನ್ನೂ ಒಂದೇ ದಂಡೆಗೆ ಅಂಟಿಸಿ ಕಳಿಸಿದ್ದು ತಪ್ಪು. ಚದುರಿದ ಲಾಭವೂ ಸಿಗಲಿಲ್ಲ, ಕೂಡಿದ ಲಾಭವೂ ಸಿಗಲಿಲ್ಲ.

ಇನ್ನು ನೆಲದ ಮೇಲೆ ಏನಾಯಿತು? ಸುದ್ದಿಗಿಂತ ಮೊದಲು ಗಾಳಿಸುದ್ದಿ ಬಂತು. ಜಪಾನಿನ ಸೈನ್ಯ ಮದ್ರಾಸಿಗೆ ಇಳಿಯುತ್ತದೆ ಅಂತ. ಗವರ್ನರ್ ಆರ್ಥರ್ ಹೋಪ್ ಅವರ ಸರ್ಕಾರ ಊರಲ್ಲಿ ಇರಲೇಬೇಕಾದ ಕೆಲಸವಿಲ್ಲದವರು ಊರು ಬಿಡಿ ಅಂದಿತು. ಜನ ರೈಲು, ಎತ್ತಿನ ಗಾಡಿ, ಸಿಕ್ಕಿದ್ದರಲ್ಲಿ ಒಳನಾಡಿಗೆ ಹೊರಟರು. ಹೈಕೋರ್ಟನ್ನು ಕೊಯಮತ್ತೂರಿಗೆ ಸಾಗಿಸಿದರು. ಮದ್ರಾಸಿನ ಮೃಗಾಲಯದ ಹುಲಿ ಸಿಂಹಗಳನ್ನು, ಬಾಂಬು ಬಿದ್ದು ಬೋನು ಒಡೆದರೆ ಕಷ್ಟ ಅಂತ, ಗುಂಡಿಟ್ಟು ಕೊಂದರು. ಯಾವ ಜಪಾನಿಯೂ ಇಳಿಯಲಿಲ್ಲ. ಓಝಾವಾ ಬಳಿ ಇಳಿಸುವುದಕ್ಕೆ ಸೈನ್ಯವೇ ಇರಲಿಲ್ಲ.

ನಮ್ಮ ಬೆಂಗಳೂರಿಗೂ ಇದರ ಬಿಸಿ ತಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಕೊನೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. ಜಪಾನಿನ ಭಯದಲ್ಲಿ, ಅದೇ 1942ರ ಏಪ್ರಿಲ್‌ನಲ್ಲಿ, ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡು ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಿತು. ಮುಂದೆ ಅದು ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವೇ ಆಯಿತು. ಬರ್ಚಲ್ ಹಾರಿಸುತ್ತಿದ್ದಂಥ ಕ್ಯಾಟಲಿನಾಗಳು ನೀರಿನ ಮೇಲೆ ಇಳಿಯುವ ವಿಮಾನಗಳು. ಅವು ರಿಪೇರಿಗೆ ಬಂದಾಗ ಇಳಿಯುತ್ತಿದ್ದದ್ದು ನಮ್ಮ ಬೆಳ್ಳಂದೂರು ಕೆರೆಯಲ್ಲಿ. ಹೌದು, ನೊರೆ ಏಳುವ, ಬೆಂಕಿ ಹತ್ತಿಕೊಳ್ಳುವ ಅದೇ ಬೆಳ್ಳಂದೂರು ಕೆರೆ. ವಾಲ್‌ಚಂದ್ ಅವರ ಇನ್ನೊಂದು ಕನಸು ವಿಶಾಖಪಟ್ಟಣದಲ್ಲಿತ್ತು, ಸಿಂಧಿಯಾ ಹಡಗು ಕಟ್ಟೆ. ಬಾಬು ರಾಜೇಂದ್ರ ಪ್ರಸಾದ್ 1941ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದ್ದರು. ಬಾಂಬು ಬಿದ್ದ ಮೇಲೆ ಕೆಲಸ ನಿಂತು ಯಂತ್ರಗಳನ್ನು ಮುಂಬೈಗೆ ಸಾಗಿಸಿದರು. ವಿಶಾಖಪಟ್ಟಣದ ಆ ಕಟ್ಟೆಯ ಮೊದಲ ಹಡಗು ‘ಜಲ ಉಷಾ’ ನೀರಿಗಿಳಿದದ್ದು 1948ರ ಮಾರ್ಚ್‌ನಲ್ಲಿ.

ಇದಕ್ಕಿಂತ ದೊಡ್ಡ ಹೊಡೆತ ಕಾಣದೇ ಬಿತ್ತು. ಪೂರ್ವ ಕರಾವಳಿಯಲ್ಲಿ ಹಡಗು ಓಡಾಟ ಹಠಾತ್ತನೆ ನಿಂತುಬಿಟ್ಟಿತು. ಝರಿಯಾ, ರಾಣಿಗಂಜ್ ಗಣಿಗಳ ಕಲ್ಲಿದ್ದಲು ಅಲ್ಲಿಯವರೆಗೆ ಕಲ್ಕತ್ತದಿಂದ ಹಡಗಿನಲ್ಲಿ ದಕ್ಷಿಣಕ್ಕೆ, ಮುಂಬೈಗೆ ಬರುತ್ತಿತ್ತು. ಆ ಭಾರವೆಲ್ಲ ರೈಲಿನ ಮೇಲೆ ಬಿತ್ತು. ರೈಲುಗಳು ಆಗಲೇ ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತು ಸೋತಿದ್ದವು. ಒಂದು ಸರಕು ಹಡಗಿನಲ್ಲಿ ಹಿಡಿಸುವಷ್ಟು ಕಲ್ಲಿದ್ದಲಿಗೆ ಹತ್ತಾರು ಗೂಡ್ಸ್ ರೈಲು ಬೇಕು. ಕಲ್ಲಿದ್ದಲು ಹೊತ್ತ ವ್ಯಾಗನ್ನು ಅಕ್ಕಿ ಹೊರುವುದಿಲ್ಲ, ಅಲ್ವಾ? ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಬರುತ್ತಿದ್ದ ಬರ್ಮಾ ಅಕ್ಕಿ ರಂಗೂನ್ ಬಿದ್ದಾಗಲೇ ನಿಂತಿತ್ತು. ಅದೇ ಭಯದಲ್ಲಿ ಬಂಗಾಳದ ಸರ್ಕಾರ, ಜಪಾನಿಗಳ ಕೈಗೆ ಸಿಗಬಾರದು ಅಂತ, ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ನಾಡದೋಣಿಗಳನ್ನೆಲ್ಲ ಕಿತ್ತುಕೊಂಡಿತು. ಸುಟ್ಟದ್ದು, ಒಡೆದದ್ದು, ಜಪ್ತಿ ಮಾಡಿದ್ದು ಸೇರಿ 40,000ಕ್ಕೂ ಹೆಚ್ಚು ದೋಣಿ. ನೀರಿನ ನಾಡಿನಲ್ಲಿ ದೋಣಿ ಇಲ್ಲದಿದ್ದರೆ ಭತ್ತ ಸಂತೆಗೆ ಬರುವುದು ಹೇಗೆ, ಬೆಸ್ತ ಬದುಕುವುದು ಹೇಗೆ? ಮರುವರ್ಷ, 1943ರಲ್ಲಿ, ಬಂಗಾಳದ ಕ್ಷಾಮ. ಸರ್ಕಾರಿ ವಿಚಾರಣೆಯೇ 15 ಲಕ್ಷ ಸಾವು ಅಂದಿತು. ಆಮೇಲಿನ ಅಂದಾಜುಗಳು 30 ಲಕ್ಷದವರೆಗೆ ಹೋಗುತ್ತವೆ.

ಏಪ್ರಿಲ್ 6ರಿಂದಲೇ ಕ್ಷಾಮ ಬಂತು ಅಂತ ನಾನು ಹೇಳುತ್ತಿಲ್ಲ. ಬೆಲೆ ಏರಿಕೆ, ದಾಸ್ತಾನು ಮಾಡಿದವರು, ಸರ್ಕಾರದ ಉಡಾಫೆ, ಚಂಡಮಾರುತ, ಎಲ್ಲ ಸೇರಿದೆ. ಆದರೆ ಸಮುದ್ರದ ದಾರಿ ಮುಚ್ಚಿದ್ದೂ ಆ ಪಟ್ಟಿಯಲ್ಲಿ ಬರಬೇಕು. 1,12,312 ಎಂಬ ಅಂಕಿ ಇಟ್ಟುಕೊಂಡರೆ ಅದು ಬರುವುದೇ ಇಲ್ಲ.

ಕೊನೆಗೆ ಕಾಲೇಜು ಹುಡುಗನೊಬ್ಬ ಕೇಳಿದ: “ಸರ್, ಇಷ್ಟು ಸುಲಭವಾಗಿ ಗೆದ್ದವರು ಮತ್ತೆ ಯಾಕೆ ಬರಲಿಲ್ಲ? ಆ ಹಡಗುಗಳು ಏನಾದವು?”

ಬರಲಿಲ್ಲ, ಯಾಕೆಂದರೆ ಜಪಾನಿನ ನೌಕಾಪಡೆಗೆ ಸರಕು ಹಡಗು ಬೇಟೆ ಅಂದ್ರೆ ಅಷ್ಟಕ್ಕಷ್ಟೆ. ಅಮೆರಿಕದ ದೊಡ್ಡ ಹಡಗುಗಳನ್ನು ಒಂದೇ ಕಾಳಗದಲ್ಲಿ ಮುಗಿಸಬೇಕು ಎಂಬ ಹಟ ಅವರಿಗೆ. ಹಾಗಾಗಿ ಪೆಸಿಫಿಕ್ಕಿಗೆ ವಾಪಸ್ ಹೋದರು. ‘ಗಂಡಾರಾ’ವನ್ನು ಮುಳುಗಿಸಿದ ‘ಮಿಕುಮಾ’, ಸರಿಯಾಗಿ ಎರಡು ತಿಂಗಳಿಗೆ, ಜೂನ್ 6ರಂದು, ಮಿಡ್‌ವೇ ಕಾಳಗದಲ್ಲಿ ಮುಳುಗಿತು. ಅದಕ್ಕೆ ಮೊದಲು ಡಿಕ್ಕಿ ಹೊಡೆದದ್ದು ಅದರ ಜೋಡಿ ‘ಮೊಗಾಮಿ’ಯೇ. ಆಗಸ್ಟಿನಲ್ಲಿ ‘ರ್ಯುಜೋ’ ಹೋಯಿತು. ದಕ್ಷಿಣದ ಗುಂಪಿನಲ್ಲಿದ್ದ ‘ಅಮಾಗಿರಿ’ ಎಂಬ ಡಿಸ್ಟ್ರಾಯರು 1943ರಲ್ಲಿ ಒಂದು ಚಿಕ್ಕ ಅಮೆರಿಕನ್ ದೋಣಿಗೆ ಗುದ್ದಿ ಅದನ್ನು ಎರಡು ಹೋಳು ಮಾಡಿತು. ಅದರಲ್ಲಿದ್ದ ಅಧಿಕಾರಿ ಈಜಿ ಬದುಕಿಕೊಂಡ, ಮುಂದೆ ಅಮೆರಿಕದ ಅಧ್ಯಕ್ಷನಾದ. ಜಾನ್ ಕೆನಡಿ. ‘ಚೋಕಾಯ್’, ‘ಸುಝುಯಾ’, ‘ಮೊಗಾಮಿ’, ‘ಕುಮಾನೋ’ ನಾಲ್ಕೂ 1944ರ ಕೊನೆಯ ತಿಂಗಳುಗಳಲ್ಲಿ ಫಿಲಿಪ್ಪೀನ್ಸ್ ಕಡೆ ಮುಳುಗಿದವು. ಓಝಾವಾ ಒಬ್ಬರು ಬದುಕಿದರು. 1945ರಲ್ಲಿ ಜಪಾನಿನ ಇಡೀ ನೌಕಾಬಲಕ್ಕೆ ಕೊನೆಯ ಮುಖ್ಯಸ್ಥರಾದರು. ಆ ಹೊತ್ತಿಗೆ ಅದರಲ್ಲಿ ಸಮುದ್ರಕ್ಕೆ ಇಳಿಸಬಹುದಾದ ಹಡಗು ಹೆಚ್ಚೇನೂ ಉಳಿದಿರಲಿಲ್ಲ, ಇದ್ದವಕ್ಕೆ ಎಣ್ಣೆಯೂ ಇರಲಿಲ್ಲ. ಎಣ್ಣೆ ತರುವ ಜಪಾನಿನ ಸರಕು ಹಡಗುಗಳನ್ನು ಅಮೆರಿಕದ ಸಬ್‌ಮರೀನುಗಳು ಅಷ್ಟರಲ್ಲಿ ಮುಗಿಸಿದ್ದವು.